ಹಿಮ್ಮಡಿಗೆ ಹಚ್ಚಿದ ಮುಲಾಮು

ನಮ್ಮದು ಮೊಟ್ಟೆ ತಿನ್ನದ ಮನೆ. ಆದರೂ ಫ್ರಿಜ್ಜು ಮಾಡುವವರು ಅದರ ಬಾಗಿಲಿನಲ್ಲಿ ಮೊಟ್ಟೆಗೆಂದು ಆರು ಗುಳಿ ಮಾಡಿಯೇ ಕೊಡುತ್ತಾರೆ. ಮೊದಲೆಲ್ಲ ಅವುಗಳಲ್ಲಿ ನಿಂಬೆಹಣ್ಣು ಇರುತ್ತಿದ್ದವು. ಮೂರು ವರ್ಷದಿಂದ ನನ್ನ ಇನ್ಸುಲಿನ್ ಇದೆ. ಒಂದೂವರೆ ವರ್ಷದಿಂದ ಅದರ ಪಕ್ಕದಲ್ಲಿ ಒಂದು ಬಿಳಿ ಟ್ಯೂಬು ಸೇರಿಕೊಂಡಿದೆ. ನಮ್ಮ ಮನೆಯವರಿಗೆ ಸೂಜಿ ಎಂದರೆ ಭಯ, ಆ ಕಡೆ ಕೈ ಹಾಕುವುದಿಲ್ಲ ಎಂಬ ಧೈರ್ಯದ ಮೇಲೆ ಅಲ್ಲಿಟ್ಟಿದ್ದೆ. ಒಮ್ಮೆ ಹೇಗೋ ಕಣ್ಣಿಗೆ ಬಿದ್ದು ಇದೇನು ಎಂದು ಕೇಳಿದಾಗ, ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮು ಎಂದು ಹೇಳಿ ಮಾತು ಮುಗಿಸಿದ್ದೆ.

ಇವತ್ತು ಬೆಳಗ್ಗೆ ಚಹಾ ಹಿಡಿದು ವರಾಂಡಕ್ಕೆ ಬಂದರೆ, ಅವರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಕನ್ನಡಕ ಏರಿಸಿಕೊಂಡು, ಆ ಟ್ಯೂಬನ್ನು ಹಿಂಡಿ ಹಿಂಡಿ ಹಿಮ್ಮಡಿಗೆ ತಿಕ್ಕುತ್ತಿದ್ದರು. ಎಷ್ಟು ಶ್ರದ್ಧೆಯೆಂದರೆ ನಾನು ಬಂದದ್ದೂ ಗೊತ್ತಾಗಲಿಲ್ಲ. ನಾನು ಚಹಾದ ಲೋಟ ಹಿಡಿದುಕೊಂಡೇ ಅಡುಗೆಮನೆಗೆ ವಾಪಸಾದೆ. ಮೊದಲು ನಗು ಬಂತು, ಅದರ ಹಿಂದೆಯೇ ಅಳು ಬಂತು. ಅದು ಹಿಮ್ಮಡಿಯ ಮುಲಾಮಲ್ಲ. ಸಕ್ಕರೆ ಕಾಯಿಲೆ ಬಂದ ಹೆಂಗಸರಿಗೆ ಕೆಳಗೆ ಒಣಗಿ, ಗಂಡ ಹತ್ತಿರ ಬಂದರೆ ನೋಯುತ್ತದಲ್ಲ, ಅದಕ್ಕೆ ಡಾಕ್ಟರು ಕೊಡುವ ಜೆಲ್ಲು. ಇಷ್ಟನ್ನು ನಿಮಗೆ ಹೇಳುವುದಕ್ಕೇ ನಾನು ಫ್ರಿಜ್ಜು, ಮೊಟ್ಟೆ, ನಿಂಬೆಹಣ್ಣು ಎಲ್ಲ ಸುತ್ತಿ ಬರಬೇಕಾಯಿತು ನೋಡಿ.

ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವಳು. ಮನುಷ್ಯನ ಸಂತಾನೋತ್ಪತ್ತಿಯ ಪಾಠ ಬಂದಾಗ ಪ್ರತಿ ವರ್ಷವೂ ನಾನು ಪುಟ ಮಗುಚುತ್ತಿದ್ದೆ. ಇದು ಸುಲಭ ಐತೆ, ಮನೇಲಿ ಓದ್ಕಳ್ರಿ ಎಂದು ಹೂವಿನ ಪಾಠಕ್ಕೆ ಹಾರುತ್ತಿದ್ದೆ. ದಾಸವಾಳದ ಕೇಸರ ಶಲಾಕೆಗಳನ್ನು ನನ್ನಷ್ಟು ವಿಸ್ತಾರವಾಗಿ ದಾವಣಗೆರೆಯಲ್ಲಿ ಯಾರೂ ಕಲಿಸಿರಲಿಕ್ಕಿಲ್ಲ.

ಬಿಸಿ ಆರುತ್ತಿದ್ದ ಚಹಾ ನೋಡುತ್ತ ನಿಂತಾಗ ಗಿರಿಜಕ್ಕನ ಚಾಪೆ ನೆನಪಾಯಿತು. ಗಿರಿಜಕ್ಕ ನನ್ನ ಸ್ವಂತ ಅಕ್ಕ. ಆನಗೋಡಿನಲ್ಲಿ ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು ನಾವು. ಅವಳನ್ನು ಹರಿಹರಕ್ಕೆ ಕೊಟ್ಟರು. ಲೋಕಿಕೆರೆಯ ಕಡೆಯವರಾದ ಭಾವ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಗಟ್ಟಿಯಾಗಿ ನಗುವ ಮನುಷ್ಯ. ಸಂಜೆ ಪಾಳಿ ಮುಗಿಸಿ ಬರುವಾಗ ಟಿಫಿನ್ ಡಬ್ಬಿಯ ಮೇಲಿನ ತಟ್ಟೆಯಲ್ಲಿ ಮೊಳ ಮಲ್ಲಿಗೆ ಇಟ್ಟುಕೊಂಡು ಬರುವರು. ಹಾಗಾಗಿ ಅಕ್ಕನ ಮುಡಿಯಲ್ಲಿ ಯಾವಾಗಲೂ ಮಲ್ಲಿಗೆಯ ಜೊತೆಗೆ ಒಂದಿಷ್ಟು ಉಪ್ಪಿನಕಾಯಿಯ ವಾಸನೆ ಇರುತ್ತಿತ್ತು.

ಇದೆಲ್ಲ ಹನ್ನೊಂದು ವರ್ಷದ ಹಿಂದಿನ ಮಾತು. ಅಕ್ಕನಿಗೆ ಆಗ ಐವತ್ತರ ಹತ್ತಿರ. ಸಕ್ಕರೆ ಕಾಯಿಲೆ ಬಂದು ಏಳೆಂಟು ವರ್ಷವಾಗಿತ್ತು. ಒಂದು ದಿನ ಅವಳು ದೇವರ ಕೋಣೆಯ ಮುಂದೆ ಚಾಪೆ ಹಾಸಿ ಮಲಗತೊಡಗಿದಳು. ಮಗಳಿಗೆ ಗಂಡು ಗೊತ್ತಾಗುವವರೆಗೂ ಮಂಚ ಹತ್ತುವುದಿಲ್ಲವೆಂದು ಹರಿಹರೇಶ್ವರನಿಗೆ ಹರಕೆ ಹೊತ್ತಿದ್ದೇನೆ ಎಂದಳು. ಮಗಳ ವಿಷಯ ಎಂದ ಮೇಲೆ ಭಾವ ತಾನೇ ಏನು ಹೇಳಿಯಾರು? ಆದರೆ ದೇವರು ನಾಲ್ಕೇ ತಿಂಗಳಿಗೆ ಒಲಿದುಬಿಟ್ಟ. ಗಂಡು ಗೊತ್ತಾಯಿತು, ಮದುವೆಯೂ ಆಯಿತು. ಅಷ್ಟು ಬೇಗ ಒಲಿದದ್ದೇ ಅಕ್ಕನಿಗೆ ಕಷ್ಟವಾಯಿತು. ಮಗಳ ಹೊಟ್ಟೆಯಲ್ಲಿ ಒಂದು ಕೂಸಾಗಲಿ ಎಂದು ಎರಡನೆಯ ಹರಕೆ ಹೊತ್ತಳು. ಚಾಪೆ ಅಲ್ಲೇ ಉಳಿಯಿತು.

ಟಿಫಿನ್ ಡಬ್ಬಿಯಲ್ಲಿ ಮಲ್ಲಿಗೆ ಬರುವುದು ನಿಂತಿತು. ನಾನು ಹೋದಾಗ ಗಂಡಹೆಂಡಿರ ನಡುವೆ ಬರೀ ಊಟದ ಮಾತು, ಅದೂ ಗೋಡೆ ನೋಡಿಕೊಂಡು. ಒಂದು ಭಾನುವಾರ ನನ್ನನ್ನು ಬಸ್ಸಿಗೆ ಬಿಡಲು ಬಂದ ಭಾವ, ಹೊಳೆಯ ಕಡೆ ಮುಖ ಮಾಡಿಕೊಂಡು ಹೇಳಿದರು:

"ರಿಟೈರ್ ಆದಮ್ಯಾಲೆ ನಾನು ಲೋಕಿಕೆರೆಗೆ ಹೋಗಿ ತಮ್ಮನ ಮನ್ಯಾಗೆ ಇರ್ತೀನಮ್ಮ. ನಿಮ್ಮಕ್ಕ ದೇವರ ಜೋಡಿ ಇರ್ಲಿ."

ತಮಾಷೆಗೆ ಹೇಳಿದ್ದಲ್ಲ ಎಂದು ಧ್ವನಿಯಲ್ಲೇ ಗೊತ್ತಾಯಿತು. ಅವರ ನಿವೃತ್ತಿಗೆ ಇನ್ನು ಐದು ತಿಂಗಳಿತ್ತು.

ಮುಂದಿನ ವಾರ ಅಕ್ಕನ ಮನೆಯ ತಾರಸಿಯಲ್ಲಿ ಇಬ್ಬರೇ ಸಂಡಿಗೆ ಇಡುತ್ತಿದ್ದಾಗ ಕೇಳಿದೆ. ಅವಳು ಸಂಡಿಗೆ ಇಡುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಬ್ಯಾಡ ಅಂತಿರೋದು ಅವ್ರನ್ನಲ್ಲ ಕಣೇ. ಉರಿ. ಕೆರೆತ. ಮುಟ್ಟಿದ್ರೆ ಜೀವ ಹೋಗುತ್ತೆ. ಇದನ್ನ ಬಾಯಿ ಬಿಟ್ಟು ಹೆಂಗೆ ಹೇಳ್ಲಿ?"

ವಿಜ್ಞಾನದ ಟೀಚರು ಏನು ಮಾಡಬೇಕಿತ್ತು? ನಾನು ಮಾಡಿದ್ದು ಕೇಳಿ. ಉರಿ ಎಂದರೆ ಉಷ್ಣ, ಉಷ್ಣವೆಂದರೆ ತಂಪು ಮಾಡಬೇಕು ಎಂದು ನಮ್ಮವ್ವನ ಕಾಲದ ಲೆಕ್ಕವನ್ನೇ ಹಾಕಿದೆ. ಚೌಕಿಪೇಟೆಗೆ ಹೋಗಿ ಅರ್ಧ ಕಿಲೋ ಕಲ್ಲುಸಕ್ಕರೆ, ಕಾಮಕಸ್ತೂರಿ ಬೀಜ ತಂದು, ರಾತ್ರಿ ನೆನೆಹಾಕಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿ ಎಂದು ಕೊಟ್ಟೆ. ಸಕ್ಕರೆ ಕಾಯಿಲೆಯವಳಿಗೆ ಕಲ್ಲುಸಕ್ಕರೆ! ಅಕ್ಕನಿಗೇ ಅನುಮಾನ ಬಂತು. ನಮ್ಮ ಮನೆಗಳಲ್ಲಿ ಸಕ್ಕರೆ ಬೇರೆ, ಕಲ್ಲುಸಕ್ಕರೆ ಬೇರೆ. ಒಂದು ಅಡುಗೆಮನೆಯದು, ಇನ್ನೊಂದು ಔಷಧಿ ಡಬ್ಬಿಯದು. ಅದೇನೂ ಆಗಲ್ಲ, ಅದು ತಂಪು ಎಂದು ನಾನೇ ಧೈರ್ಯ ಹೇಳಿದೆ.

ತಿಂಗಳೊಳಗೆ ಉರಿ ಎರಡು ಪಟ್ಟಾಯಿತು. ಅಕ್ಕನಿಗೆ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ. ಹೆದರಿ ದಾವಣಗೆರೆಯಲ್ಲಿ ಸಕ್ಕರೆ ಕಾಯಿಲೆ ನೋಡುವ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚೀಟಿ ಬರೆಯುವ ಹುಡುಗಿ ಏನು ತೊಂದರೆ ಎಂದಾಗ, ಅಕ್ಕನಿಗಿಂತ ಮೊದಲು ನಾನೇ ಕಾಲುರಿ ಎಂದೆ. ಡಾಕ್ಟರು ಕಾಲು ನೋಡಿದರು, ಕಣ್ಣು ವಿಚಾರಿಸಿದರು. ಆಮೇಲೆ ಗಂಡ ಹೆಂಡತಿ ಅನ್ಯೋನ್ಯವಾಗಿದ್ದೀರಾ ಎಂದು ಕೇಳಿದರು. ತುಂಬಾ ಚೆನ್ನಾಗಿದಾರೆ ಮೇಡಂ, ಎಂದು ಮತ್ತೆ ನಾನೇ. ಅವರು ನನ್ನನ್ನು ಒಂದು ಕ್ಷಣ ನೋಡಿ, ನೀವು ಸ್ವಲ್ಪ ಹೊರಗೆ ಕೂತ್ಕಳ್ರಿ ಎಂದರು. ತರಗತಿಯಿಂದ ಎಷ್ಟೋ ಮಕ್ಕಳನ್ನು ಹೊರಗೆ ಕಳಿಸಿದ್ದ ನಾನು, ಆವತ್ತು ತಲೆ ತಗ್ಗಿಸಿಕೊಂಡು ಹೊರಗೆ ಹೋಗಿ ಕೂತೆ.

ಅರ್ಧ ಗಂಟೆ ಬಿಟ್ಟು ಒಳಗೆ ಕರೆದಾಗ ಅಕ್ಕನ ಕಣ್ಣು ಕೆಂಪಗಿದ್ದವು, ಮುಖ ಮಾತ್ರ ಹಗುರವಾಗಿತ್ತು. ಕಲ್ಲುಸಕ್ಕರೆಯ ವಿಷಯವೂ ಹೊರಬಿದ್ದಿತ್ತು. "ಅದೂ ಸಕ್ಕರೇನೇ ಟೀಚರ್," ಎಂದರು ಡಾಕ್ಟರು, ಅಷ್ಟೇ. ಆಮೇಲೆ ಇಬ್ಬರಿಗೂ ತಿಳಿಸಿ ಹೇಳಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಆ ಜಾಗದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಕೆರೆತ ಉರಿ ಅದರಿಂದಲೇ. ವರ್ಷಗಟ್ಟಲೆ ಹಾಗೇ ಬಿಟ್ಟರೆ ನರಗಳು ಮಂಕಾಗುತ್ತವೆ, ರಕ್ತ ಓಡಾಡುವುದು ಕಡಿಮೆಯಾಗುತ್ತದೆ, ಒಣಗುತ್ತದೆ, ಆಸೆಯೂ ತಗ್ಗಬಹುದು. ಮುಟ್ಟು ನಿಲ್ಲುವ ವಯಸ್ಸೂ ಜೊತೆಗೆ ಸೇರಿಕೊಳ್ಳುತ್ತದೆ. ಎಲ್ಲಕ್ಕೂ ಔಷಧಿ ಇದೆ, ಮೊದಲು ಸಕ್ಕರೆ ಹತೋಟಿಗೆ ಬರಬೇಕು. ಕೊನೆಗೆ ಅಕ್ಕನ ಕೈ ಹಿಡಿದು ಹೇಳಿದರು: "ಇದು ನಿಮ್ಮ ಮನಸ್ಸಿನ ತಪ್ಪಲ್ಲ ಗಿರಿಜಮ್ಮ. ಅವರ ತಪ್ಪೂ ಅಲ್ಲ. ಆದ್ರೆ ಅವರಿಗೆ ಗೊತ್ತಾಗಬೇಕಲ್ಲ?"

ಗೊತ್ತುಪಡಿಸುವವರು ಯಾರು? ಅಕ್ಕನಿಗೆ ಬಾಯಿ ಬರಲಿಲ್ಲ, ಭಾವನ ಮುಂದೆ ನನಗೂ ಬರಲಿಲ್ಲ. ಮುಂದಿನ ಸಲ ಡಾಕ್ಟರೇ ಅವರನ್ನು ಕರೆಸಿದರು. ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ಹೊರಗೆ ಬಂದು, ಹರಿಹರದ ಬಸ್ಸಿನಲ್ಲಿ ಇಬ್ಬರಿಗೂ ಟಿಕೆಟ್ ತೆಗೆಸಿದರಂತೆ. ಆಮೇಲೆ ಮೆಲ್ಲಗೆ, "ನಾನು ನಿಂಗೆ ಬ್ಯಾಸ್ರ ಆದೆ ಅನ್ಕಂಡಿದ್ದೆ ಗಿರಿಜಾ. ಹೇಳೋದಲ್ವಾ? ದೇವ್ರನ್ನ ಯಾಕ ನಡುವೆ ಮಲಗಿಸ್ದೆ?" ಎಂದರಂತೆ. ಇದನ್ನು ಹೇಳುವಾಗ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಎಲ್ಲವೂ ಹಿಂದಿನಂತಾಯಿತು ಎಂದು ನಾನು ಹೇಳಲಾರೆ. ಗುಣವಾಗಲು ತಿಂಗಳುಗಳೇ ಹಿಡಿದವು. ಕೆಲವು ದಿನ ಆಗುತ್ತೆ, ಕೆಲವು ದಿನ ಸುಮ್ನೆ ಕೈ ಹಿಡ್ಕಂಡು ಮಲಗ್ತೀವಿ, ಎಂದು ಅಕ್ಕ ಒಮ್ಮೆ ಹೇಳಿದಳು. ಭಾವ ಲೋಕಿಕೆರೆಗೆ ಹೋಗಲಿಲ್ಲ. ಆ ಚಾಪೆಯ ಮೇಲೆ ಈಗ ಪ್ರತಿ ಬೇಸಿಗೆಯಲ್ಲಿ ಸಂಡಿಗೆ ಒಣಗುತ್ತದೆ.

ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಆದರೆ ನನ್ನದೇ ಸರದಿ ಬಂದಾಗ ಏನು ಮಾಡಿದೆ ಗೊತ್ತೇ? ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಸೊಗಸಾಗಿ ಮಾತಾಡಿ ಬಂದೆ. ಮನೆಯಲ್ಲಿ ಮಾತ್ರ, ನಿಮ್ಮ ಗೊರಕೆಗೆ ನಿದ್ದೆ ಬರ್ತಿಲ್ಲ ಎಂದು ಹೇಳಿ ಪಕ್ಕದ ಕೋಣೆಗೆ ಹಾಸಿಗೆ ಎತ್ತಿಕೊಂಡು ಹೋದೆ. ಹರಕೆ ಹೊತ್ತ ಅಕ್ಕ ದೇವರ ಮೇಲೆ ಹಾಕಿದಳು, ವಿಜ್ಞಾನ ಓದಿದ ನಾನು ಗಂಡನ ಮೂಗಿನ ಮೇಲೆ ಹಾಕಿದೆ. ಪಾಪ, ಆವತ್ತಿನಿಂದ ಅವರು ದಿನಾ ಬೆಳಗ್ಗೆ ಪ್ರಾಣಾಯಾಮ ಮಾಡುತ್ತಾರೆ, ಮಲಗುವ ಮುಂಚೆ ಮೂಗಿಗೆ ತುಪ್ಪ ಬಿಟ್ಟುಕೊಳ್ಳುತ್ತಾರೆ. ಆರೋಗ್ಯದ ಹುಚ್ಚು ಹತ್ತಿದೆ ಎಂದು ನಾನು ಗೇಲಿ ಮಾಡುತ್ತಿದ್ದೆ.

ಚಹಾ ಮತ್ತೆ ಬಿಸಿ ಮಾಡಿ ವರಾಂಡಕ್ಕೆ ಹೋದೆ. ಅವರು ಕಾಲು ಮುಂದೆ ಚಾಚಿ, ಪರೀಕ್ಷೆ ಬರೆದು ಬಂದ ಮಕ್ಕಳ ಹಾಗೆ ನನ್ನ ಮುಖ ನೋಡಿದರು.

"ಗೊರಕೆ ಭಾಳ ಕಡಿಮೆ ಆಗೈತೆ ಅನ್ಸುತ್ತೆ," ಎಂದರು. "ಮದುವೆ ಆದ ಹೊಸದ್ರಾಗೆ ನೀನು, ನನ್ನ ಹಿಮ್ಮಡಿ ತಾಗಿದ್ರೆ ಗೀರುತ್ತೆ ಅಂತಿದ್ದೆ. ಅದೂ ಮೆತ್ತಗಾಗೈತೆ, ಮುಟ್ಟಿ ನೋಡು."

ಮುಟ್ಟಿ ನೋಡಿದೆ. ಎಷ್ಟು ದಿನದಿಂದ ಹಚ್ಚುತ್ತಿದ್ದರೋ, ನಿಜವಾಗಿಯೂ ಮೆತ್ತಗಾಗಿತ್ತು. ಒಂದೂವರೆ ವರ್ಷ ಈ ಮನುಷ್ಯ ತನ್ನ ಮೈಯಲ್ಲೇ ತಪ್ಪು ಹುಡುಕುತ್ತ, ಒಂದೊಂದನ್ನೇ ತಿದ್ದಿಕೊಳ್ಳುತ್ತ ಕೂತಿದ್ದರಲ್ಲ ಎಂದು ನನಗೆ ನಾಚಿಕೆಯಾಯಿತು.

"ಅದು ಹಿಮ್ಮಡಿಗಲ್ಲ ರೀ," ಎಂದೆ. "ಗೊರಕೆನೂ ಕಾರಣ ಅಲ್ಲ. ಹೇಳ್ತೀನಿ, ಕೇಳ್ರಿ."

ಇಪ್ಪತ್ತೆಂಟು ವರ್ಷ ಬಿಟ್ಟುಹೋಗಿದ್ದ ಪಾಠವನ್ನು ನಮ್ಮ ಅರಸು ಬಡಾವಣೆಯ ವರಾಂಡದಲ್ಲಿ, ತರಕಾರಿ ಗಾಡಿಯವನು ಕೂಗಿಕೊಂಡು ಹೋಗುತ್ತಿರುವಾಗ, ಒಬ್ಬರೇ ವಿದ್ಯಾರ್ಥಿಗೆ ಹೇಳಿ ಮುಗಿಸಿದೆ. ಕೇಳಿ ಆದ ಮೇಲೆ ಅವರು ಟ್ಯೂಬನ್ನು ಪಂಚೆಯ ತುದಿಯಿಂದ ಒರೆಸಿ, ಮುಚ್ಚಳ ಬಿಗಿ ಮಾಡಿ, ಒಳಗೆ ಹೋಗಿ ಇನ್ಸುಲಿನ್ ಪಕ್ಕದಲ್ಲೇ ಇಟ್ಟು ಬಂದರು. ಬರುವಾಗ ಪ್ಯಾಂಟು ಹಾಕಿಕೊಂಡಿದ್ದರು, ಕೈಯಲ್ಲಿ ಒಂದು ಚೀಟಿ, ಪೆನ್ನು.

"ಅರ್ಧ ಖಾಲಿ ಮಾಡಿಬಿಟ್ನಲ್ಲ," ಎಂದರು. "ಹೆಸರು ಬರ್ಕೊಡು. ನಾನೇ ಹೋಗಿ ತರ್ತೀನಿ."

ದುಂಡಗೆ, ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.