ಮಾಳಿಗೆಯ ಮೇಲೆ ಮೈದಾನ ಹಾಸುವ ಲೆಯೊನಾರ್ಡಾ

ಬೆಟ್ಟದೆತ್ತರದ ಎಲ್ ಆಲ್ಟೊ ನಗರದ ಐದು ಮಹಡಿ ಕಟ್ಟಡವೊಂದರ ನೆತ್ತಿಯ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಲ್ಲು ಕಟಕಟಿಸುವ ಚಳಿ. ಲೆಯೊನಾರ್ಡಾ ಚುಕಿಮಿಯಾ ನೆರಿಗೆ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪ್ಲಾಸ್ಟಿಕ್ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ಬರಬರನೆ ಗುಡಿಸುತ್ತಿದ್ದಾರೆ. ಇಲಿಮಾನಿ ಬೆಟ್ಟದ ಹಿಂದಿನಿಂದ ಸೂರ್ಯ ಏಳುವುದರೊಳಗೆ ಗುಡಿಸಿ ಮುಗಿಸಬೇಕು. ಬಿಸಿಲು ತಾಗಿದರೆ ಹೆಪ್ಪು ಕರಗಿ ನೀರಾಗುತ್ತದೆ. ಆ ನೀರು ಹುಲ್ಲುಹಾಸಿನಡಿಯ ಇನ್ನೂ ಒಣಗದ ಅಂಟಿಗೆ ಸೋಕಿದರೆ ಅಂಟು ನೊರೆಯೆದ್ದು ಹಿಡಿತ ಬಿಡುತ್ತದೆ.

ಕಟ್ಟಡದ ಯಜಮಾನ ಮ್ಯಾಕ್ಸಿಮೊ ತಿಕೋನಾ ಬಿಸಿ ಜೋಳದ ಪಾನಕ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ.

“ಅಣ್ಣಾ, ಅಲ್ಲೇ ನಿಲ್ಲಿ! ನಿನ್ನೆ ಸಂಜೆ ಅಂಟಿಸಿದ್ದು, ಇನ್ನೂ ಹಸೀನೇ ಇದೆ.”

“ಕಟ್ಟಡ ನಂದು, ಮೈದಾನ ನಂದು, ನಾನೇ ಕಾಲಿಡೋ ಹಾಗಿಲ್ವೇನಮ್ಮಾ?”

“ಮಧ್ಯಾಹ್ನದವರೆಗೂ ಇದು ನಂದು. ಆಮೇಲೆ ಬೇಕಾದ್ರೆ ಉರುಳಾಡಿ!”

ಉರುಳಾಡುವವರು ಬಹಳ ಮಂದಿ ಬರುತ್ತಾರೆ. ಕೆಳಗೆ ಅಂಗಡಿ ಮಳಿಗೆಗಳು, ಅದರ ಮೇಲೆ ಮದುವೆ ಛತ್ರ, ಎಲ್ಲಕ್ಕೂ ಮೇಲೆ ಗಂಟೆಯ ಬಾಡಿಗೆಗೆ ಸಿಗುವ ಈ ಫುಟ್‌ಬಾಲ್ ಮೈದಾನ. ಇವತ್ತೇ ಉದ್ಘಾಟನೆ. ಹುಲ್ಲುಹಾಸಿನ ಸುರುಳಿಗಳು ಮೆಟ್ಟಿಲಲ್ಲಿ ಹಿಡಿಸದೆ, ಹೊರಗೋಡೆಯ ಮೇಲೆ ಹಗ್ಗ ಕಟ್ಟಿ ಎಳೆಯುವಾಗ ವಿದ್ಯುತ್ ತಂತಿ ಅಡ್ಡ ಬಂದು ಒಂದಿಡೀ ದಿನ ಹಾಳಾಯಿತು. ಅಂಟು ಒಣಗಲು ಸಿಗಬೇಕಿದ್ದ ದಿನವೇ ಅದು.

ಲೆಯೊನಾರ್ಡಾ ಮೊದಲು ಲಂಗಗಳಿಗೆ ನೆರಿಗೆ ಹೊಲಿಯುತ್ತಿದ್ದವರು. ಆಮೇಲೆ ಒಬ್ಬ ಗುತ್ತಿಗೆದಾರನ ಬಳಿ ಅಂಟು ಬಳಿಯಲು ಸೇರಿದರು. “ಲಂಗದವಳು ಟೀ ಕಾಯಿಸ್ಕೊಂಡಿರಲಿ ಅಂತಿದ್ದ. ನಾನು ಕಾಯಿಸ್ತಾ ಕಾಯಿಸ್ತಾನೇ ಎಲ್ಲ ನೋಡ್ಕೊಂಡೆ. ಹುಲ್ಲಿಗೂ ಬಟ್ಟೆ ಥರಾನೇ ಒಂದು ಮುಖ ಇರುತ್ತೆ ಕಣ್ರೀ. ಒಂದು ಹಾಸು ಆ ಕಡೆ, ಒಂದು ಈ ಕಡೆ ಬಾಗಿದ್ರೆ ಮೈದಾನ ತೇಪೆ ಹಾಕಿದ ಹಾಗೆ ಕಾಣುತ್ತೆ.” ಈಗವರು ಆತನನ್ನು ಬಿಟ್ಟು ಸ್ವಂತಕ್ಕೆ ಹಿಡಿದ ಮೊದಲ ಕೆಲಸ ಇದು. ಹಾಸುಗಳು ಕೂಡುವ ಹೊಲಿಗೆ ಬಿಟ್ಟುಕೊಂಡರೆ ಇದೇ ಕೊನೆಯದೂ ಆದೀತು. ಎಲ್ ಆಲ್ಟೊದಲ್ಲಿ ಇಂಥ ಸುದ್ದಿಗೆ ಕಾಲು ಬೇಗ ಬರುತ್ತದೆ.

ಹೆಪ್ಪು ಗುಡಿಸಿದ್ದಾಯಿತು, ಬಿಸಿಲೂ ಬಂತು. ಆದರೆ ನಿಜವಾದ ಭಯ ಬರುವುದು ಬೆಳಗಿನ ತಿಂಡಿಯ ಹೊತ್ತಿಗೆ, ಎರಡು ಪೆಟ್ಟಿಗೆ ಬಿಯರ್ ಮತ್ತು ಪಟಾಕಿ ಸರಗಳ ಜತೆ. ಯಜಮಾನರ ತಾಯಿ ಪಾಸ್ಕುವಾಲಾ ಅಜ್ಜಿ ಭೂತಾಯಿಗೆ ಬಿಯರ್ ಎರೆಯಲು ಬಂದಿದ್ದಾರೆ! ಎರೆಯದೆ ಯಾರೂ ಇಲ್ಲಿ ಚೆಂಡು ಮುಟ್ಟುವುದಿಲ್ಲ. ಹಿಂದೊಮ್ಮೆ ಆ ಗುತ್ತಿಗೆದಾರ, ಪ್ಲಾಸ್ಟಿಕ್ಕಿಗೆ ಯಾವ ಶಾಸ್ತ್ರ ಎಂದು ಮಾತು ಹಾರಿಸಿದ್ದ. ಮೊದಲ ಆಟದಲ್ಲೇ ಒಬ್ಬನ ಕಾಲು ಉಳುಕಿತು. ತಾಯಿ ಮುನಿದಳೆಂದು ಹೆದರಿದ ಆ ಕಟ್ಟಡದವರು ಹಸಿ ಹೊಲಿಗೆಯ ಉದ್ದಕ್ಕೂ ಪೆಟ್ಟಿಗೆಗಟ್ಟಲೆ ಬಿಯರ್ ಸುರಿದರು. ಮಾರನೆಯ ದಿನ ಮೈದಾನ ಬಾಯಿ ಬಿಟ್ಟುಕೊಂಡಿತ್ತು.

ಅಂದೇ ಲೆಯೊನಾರ್ಡಾಗೆ ಒಂದು ಉಪಾಯ ಹೊಳೆದಿತ್ತು: ಮೂಲೆಯೊಂದನ್ನು ಅಂಟಿಸದೆ ಹಾಗೇ ಬಿಡುವುದು. ಅಲ್ಲಿ ಎರೆದು, ಒಣಗಿಸಿ, ಆಮೇಲೆ ಮುಚ್ಚುವುದು. ಅಜ್ಜಿಯ ಎದುರಿಗೆ ಆ ಮೂಲೆಯನ್ನು ಎತ್ತಿ ತೋರಿಸುತ್ತಾರೆ.

ಅಜ್ಜಿಯ ಮುಖ ಕೆಂಪಾಗುತ್ತದೆ. “ಮನೆಗೆ ಬಂದ ತಾಯಿಯನ್ನ ಬಾಗಿಲ ಹಿಂದೆ ಕೂರಿಸಿ ಊಟ ಹಾಕ್ತೀಯೇನೇ? ನಡುವೆ ಎರೀಬೇಕು, ನಡುವೆ!”

ನಡುವೆ ನಿನ್ನೆ ಸಂಜೆಯ ಹೊಲಿಗೆ ಇದೆ. ಮ್ಯಾಕ್ಸಿಮೊ ತಾಯಿಯ ಮುಖ ನೋಡುತ್ತಾರೆ, ಹುಲ್ಲು ನೋಡುತ್ತಾರೆ, ಕೊನೆಗೆ ಆಕಾಶ ನೋಡುತ್ತಾರೆ. ಲೆಯೊನಾರ್ಡಾ ನೆಟ್ಟಗೆ ನಡುವಿಗೆ ಹೋಗಿ ಮಂಡಿಯೂರಿ, ಆಟ ಶುರುವಾಗುವ ಜಾಗದ ಬಿಳಿ ಬೊಟ್ಟಿನ ಸುತ್ತ ಚಾಕು ಇಳಿಸುತ್ತಾರೆ. ತಾವೇ ಕೂರಿಸಿದ ಬೊಟ್ಟು!

“ಅಯ್ಯೋ, ಕೊಯ್ದೇಬಿಟ್ಟಳಲ್ಲಾ!” ಎಂದು ಮ್ಯಾಕ್ಸಿಮೊ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ.

ತಟ್ಟೆಯಗಲದ ತುಂಡು ಮೇಲೆದ್ದು ಕೆಳಗಿನ ಬೂದು ಸಿಮೆಂಟು ಕಾಣುತ್ತದೆ. ಲೆಯೊನಾರ್ಡಾ ಅಂಚಿಗೆ ಸುತ್ತಲೂ ಚಿಂದಿ ಬಟ್ಟೆ ಒತ್ತುತ್ತಾರೆ. “ಬನ್ನಿ ಅಜ್ಜಿ. ಸೀಸೆ ನಾನು ಹಿಡ್ಕೋತೀನಿ, ನೀವು ಬಗ್ಗಿಸಿ. ನಿಧಾನ. ಪಟಾಕಿ ಮಾತ್ರ ಬೀದೀಲಿ ಹೊಡೀಲಿ, ಹುಲ್ಲು ಸುಟ್ಟುಹೋಗುತ್ತೆ.”

“ಸರಿ ಬಿಡು. ತಾಯಿಗೆ ಕಿವಿ ಚೆನ್ನಾಗಿದೆ, ಬೀದಿಯಿಂದಾನೂ ಕೇಳಿಸ್ಕೋತಾಳೆ.” ಅಜ್ಜಿಯ ಕೈಯೂ ಲೆಯೊನಾರ್ಡಾರ ಕೈಯೂ ಒಟ್ಟಿಗೆ ಬಾಗುತ್ತವೆ. ಬಿಯರ್ ಬುರುಬುರು ನೊರೆಯೆದ್ದು ಸಿಮೆಂಟಿನಲ್ಲಿ ಇಂಗುತ್ತದೆ. ಒಂದು ಹನಿಯೂ ಬಟ್ಟೆ ದಾಟುವುದಿಲ್ಲ. ಉಳಿದ ಸೀಸೆಗಳು ಭೂತಾಯಿಯ ಮಕ್ಕಳ ಪಾಲು. ಇಲ್ಲಿಯ ಒಣ ಬಿಸಿಲು ನೆಲವನ್ನು ಬೇಗ ಆರಿಸುತ್ತದೆ. ಬೊಟ್ಟು ಮತ್ತೆ ಅದರ ಜಾಗದಲ್ಲಿ ಕೂರುತ್ತದೆ, ಬಿಟ್ಟಿದ್ದ ಮೂಲೆಯೂ ಅಂಟಿಕೊಳ್ಳುತ್ತದೆ.

ಮಧ್ಯಾಹ್ನ ವಾದ್ಯದವರು ಊದತೊಡಗಿದರೆ ಕಟ್ಟಡವೇ ಅದುರುತ್ತದೆ. ಮೊದಲ ಆಟ ಸಂತೆಯಲ್ಲಿ ಮಾರುವ ಹೆಂಗಸರದು. ಲಂಗ ಹಾರಿಸಿಕೊಂಡು ಓಡುತ್ತಾರೆ, ಜಾರುತ್ತಾರೆ, ಬೈಯುತ್ತಾರೆ. ದಪ್ಪನೆಯ ಹೆಂಗಸೊಬ್ಬಳು ನಡುವಿನ ಹೊಲಿಗೆಯ ಮೇಲೇ ಧೊಪ್ಪನೆ ಬಿದ್ದು ಜಾರಿದಾಗ ಲೆಯೊನಾರ್ಡಾ ಕಣ್ಣು ಮುಚ್ಚುತ್ತಾರೆ. ತೆರೆದಾಗ ಹುಲ್ಲು ಹೇಗಿತ್ತೋ ಹಾಗೇ ಇದೆ, ಒಂದು ಎಳೆಯೂ ಕಿತ್ತುಬಂದಿಲ್ಲ! ಆ ಹೆಂಗಸು ಮಾತ್ರ ಕುಂಟುತ್ತಾ ಹೊರಬಂದು, “ಲೆಯೊ, ನನ್ನ ಜಾಗಕ್ಕೆ ಗೋಲಿಯವಳು ಬರ್ತಾಳೆ, ಗೋಲಿಗೆ ನೀನು ಹೋಗೇ!” ಎಂದು ಬೆನ್ನಿಗೆ ಗುದ್ದುತ್ತಾಳೆ.

ಎಷ್ಟೋ ಮೈದಾನ ಹಾಸಿದವರು, ಒಂದರಲ್ಲೂ ಆಡಿಲ್ಲ. ಕೆಲಸದವರು ವಾದ್ಯ ಬರುವ ಮೊದಲೇ ಹಿಂಬಾಗಿಲಿಂದ ಇಳಿದುಬಿಡುವುದು ವಾಡಿಕೆ. ಇವತ್ತು ಲೆಯೊನಾರ್ಡಾ ಅಂಟು ಮೆತ್ತಿದ ಕೈಗಳನ್ನು ಅಗಲಿಸಿ ಗೋಲಿನ ಮುಂದೆ ನಿಲ್ಲುತ್ತಾರೆ. ಮೊದಲ ಚೆಂಡೇ ಕಾಲಸಂದಿಯಲ್ಲಿ ನುಸುಳಿ ಬಲೆ ಸೇರುತ್ತದೆ. ತಂಡದ ಹೆಂಗಸರು ಹಣೆ ಚಚ್ಚಿಕೊಂಡರೆ ಇವರು ಬಿದ್ದು ಬಿದ್ದು ನಗುತ್ತಾರೆ.

“ಗೋಲು ತಾನೆ, ಹೋಗ್ಲಿ ಬಿಡ್ರೇ! ಹೊಲಿಗೆ ನೋಡಿ, ಹೊಲಿಗೆ! ಅಲ್ಲಾಡಿತಾ?”