ಆಟದ ಮೇಲೆ ಹೊರಿಸಿದ ಏಟು

ನನ್ನ ಮಗ ಮಂಜುವಿನ ಎಡಗಿವಿ ಹಾಳು ಮಾಡಿದವಳು ನಾನು. ನಾಗೇಶನಲ್ಲ, ಆ ಹೊಡೆದಾಟದ ವಿಡಿಯೋ ಗೇಮೂ ಅಲ್ಲ. ನಾನು, ಅವನ ಹೆತ್ತ ತಾಯಿ, ಈ ಬಲಗೈಯಲ್ಲಿ. ಇಷ್ಟು ಹೇಳುವುದಕ್ಕೆ ನನಗೆ ಅರ್ಧ ಆಯಸ್ಸು ಬೇಕಾಯಿತು.

ಆಗ ನಾವು ಗೊರೂರಿನಲ್ಲಿ, ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಯಜಮಾನರು ಆಫೀಸಿನಲ್ಲಿ ಗುಮಾಸ್ತರು. ಅದೇ ಆಫೀಸಿನ ಜೀಪು ಓಡಿಸುತ್ತಿದ್ದ ಕೆಂಪಣ್ಣನವರು ಹಿಂದಿನ ಸಾಲಿನ ಮನೆಯಲ್ಲಿದ್ದರು. ಅವರ ಮಗ ನಾಗೇಶ, ಹೈಸ್ಕೂಲಿನ ಹುಡುಗ. ನನ್ನ ಮಂಜು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಟಿ.ವಿ.ಗೆ ಸಿಕ್ಕಿಸಿ ಆಡುವ ಗೇಮನ್ನು ನನ್ನ ಮೈದುನ ಹಾಸನದಿಂದ ತಂದುಕೊಟ್ಟ ಮೇಲೆ ನಾಗೇಶ ಶಾಲೆ ಬಿಟ್ಟೊಡನೆ ನಮ್ಮ ಮನೆಗೇ ಬರುತ್ತಿದ್ದ. ಯಾರದೋ ಕೈಕಾಲು ಹಿಡಿದು, ಆ ಗೇಮಿಗೆ ಹಾಕುವ ಹೊಡೆದಾಟದ ಕ್ಯಾಸೆಟ್ಟು ತಂದವನೂ ಅವನೇ.

ಆ ಆಟದ ಪೂರ್ವೋತ್ತರವೆಲ್ಲ ಅವನ ಬಾಯಲ್ಲಿತ್ತು. ಮೊದಲನೇ ಭಾಗವನ್ನು ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಪಾರ್ಲರಿನಲ್ಲಿ, ಆಡುವವರ ಬೆನ್ನ ಹಿಂದೆ ನಿಂತು ನೋಡಿದ್ದನಂತೆ. ಸೋತವನು ತೂರಾಡುತ್ತ ನಿಲ್ಲುತ್ತಾನೆ, ಗೆದ್ದವನು ಅವನನ್ನು ಹೇಗೆ ಬೇಕಾದರೂ ಕೊಲ್ಲಬಹುದು. ಪಾರ್ಲರಿನ ಮೆಷಿನ್ನಿನಲ್ಲಿ ರಕ್ತ ಕೆಂಪಗೇ ಚಿಮ್ಮುತ್ತಿತ್ತು, ಮನೆಯ ಕ್ಯಾಸೆಟ್ಟಿನಲ್ಲಿ ಅದನ್ನು ಬೆವರಿನ ಬಣ್ಣ ಮಾಡಿದ್ದಾರೆ. ಎರಡನೇ ಭಾಗದಲ್ಲಿ ಸತ್ತವನು ಎದ್ದು ಬರುತ್ತಾನೆ, ಮೂರನೆಯದರಲ್ಲಿ ಅಣ್ಣನ ಸೇಡನ್ನು ತಮ್ಮ ತೀರಿಸುತ್ತಾನೆ... ಮೆಟ್ಟಿಲ ಮೇಲೆ ಕೂತು ಅಜ್ಜಿಕತೆಯ ಹಾಗೆ ಹೇಳುವನು. ಮಂಜು ಬಾಯಿ ತೆರೆದು ಕೇಳುವನು. ನಾಗೇಶ ಅವನ ಮೇಲೆ ಎಂದೂ ಕೈ ಎತ್ತಿದವನಲ್ಲ. ಆಟದಲ್ಲಿ ಕೂಡ ಬೇಕೆಂದೇ ಸೋಲುತ್ತಿದ್ದ.

ಅವತ್ತು ರಜೆ. ಯಜಮಾನರ ಆಫೀಸಿನ ಸಾಹೇಬರು ನಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಸಾರು ತಳ ಹಿಡಿದಿತ್ತು. ಪಕ್ಕದ ಮನೆಯಿಂದ ಮೊಸರು ತರಲು ಮಂಜುವನ್ನು ಕೂಗಿದೆ, ಕೂಗಿದೆ — ಅವನಿಗೆ ಕೇಳಲೇ ಇಲ್ಲ. ಟಿ.ವಿ.ಯಿಂದ ಬರೀ ಏಟಿನ ಸದ್ದು, ಚೀರಾಟ. ಅಡುಗೆಮನೆಯಿಂದ ಅಲ್ಲಿಗೇ ಹೋದೆ. ಅದೇ ಗಳಿಗೆಗೆ ಅವನು "ಅಮ್ಮಾ, ಗೆದ್ದೆ!" ಎಂದು ನನ್ನತ್ತ ತಿರುಗಿದ. ಆ ಮುಖದಲ್ಲಿ ಎಷ್ಟು ಸಂತೋಷವಿತ್ತು — ಆ ಮುಖ ನೋಡಿಯೂ ನನ್ನ ಕೈ ನಿಲ್ಲಲಿಲ್ಲ. ಬೀಸಿದ ಅಂಗೈ ಕಿವಿಯ ಮೇಲೇ ಬಿತ್ತು. ಮಗು ಅಳಲೂ ಇಲ್ಲ, ಹಾಗೇ ಕುಸಿದು ಕೂತಿತು. ನಾಗೇಶ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದ.

ಸಂಜೆಗೆ ಕಿವಿಯಿಂದ ರಕ್ತ ಬಂತು. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, "ಕಿವಿಯ ತಮಟೆ ಹರಿದಿದೆ. ಯಾರು ಹೊಡೆದದ್ದು?" ಎಂದರು. ಯಜಮಾನರು ನನ್ನ ಮುಖ ನೋಡಿದರು. "ಗೇಮ್ ಆಡ್ತಾ ಆಡ್ತಾ... ಅದರಲ್ಲಿ ಹೊಡೆಯೋ ಥರ ನಾಗೇಶ ಹೊಡೆದುಬಿಟ್ಟ" — ಎಂದೆ. ಯೋಚಿಸಿ ಹೇಳಿದ್ದಲ್ಲ ಎನ್ನಬಹುದು. ಆದರೆ ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಲು ಸಮಯವಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಯಜಮಾನರು ಕೆಂಪಣ್ಣನವರನ್ನು ಮನೆಗೆ ಕರೆಸಿದರು. ಅವರು ಮಗನ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ನಾಗೇಶ, "ನಾನ್ ಮುಟ್ಟೇ ಇಲ್ಲ ಕಣಪ್ಪ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನೀವೇ ಏಳಿ" ಎಂದ. ಅವನ ದನಿಯಲ್ಲಿ ಭಯವಿರಲಿಲ್ಲ. ನಾನು ಹೇಳಿಯೇ ಹೇಳುತ್ತೇನೆಂದು ನಂಬಿದ್ದ.

ನಾನು ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋದೆ.

ಹೊರಗೆ ಬೆಲ್ಟಿನ ಸದ್ದು ಕೇಳುತ್ತಿತ್ತು. ಗುಮಾಸ್ತರ ಎದುರಿಗೆ ಡ್ರೈವರು ತನ್ನ ಮಗನಿಗೆ ಹೊಡೆಯಲೇಬೇಕಾಗಿತ್ತು — ಅದೂ ನನಗೆ ಗೊತ್ತಿತ್ತು. ತಿಂಗಳು ಕಳೆಯುವುದರೊಳಗೆ ನಾಗೇಶನನ್ನು ಚನ್ನರಾಯಪಟ್ಟಣದ ಸೋದರಮಾವನ ಮನೆಗೆ ಬಿಟ್ಟುಬಂದರು. ಅಲ್ಲಿ ಓದು ನಿಂತಿತೆಂದು, ಗ್ಯಾರೇಜಿಗೆ ಸೇರಿದನೆಂದು ಆಮೇಲೆ ಕೇಳಿದೆ. ಇಂಥ ಆಟಗಳಿಂದ ಮಕ್ಕಳು ಕೆಡುತ್ತಾರೆಂದು ಹೊರದೇಶಗಳಲ್ಲೂ ಗಲಾಟೆಯಾಗುತ್ತಿದೆಯೆಂದು ಯಜಮಾನರು ಪೇಪರಿನಲ್ಲಿ ಓದಿ, "ನೋಡು, ಅಲ್ಲೂ ಹಿಂಗೇ ಆಗೈತೆ" ಎಂದರು. ಜಗತ್ತೇ ನನ್ನ ಸುಳ್ಳಿಗೆ ಸಾಕ್ಷಿ ಹೇಳಿದಂತಾಯಿತು.

ಆ ಆಟ ಮಾತ್ರ ನಿಲ್ಲಲಿಲ್ಲ. ಸಿ.ಡಿ.ಯಾಗಿ ಬಂತು, ಕಂಪ್ಯೂಟರಿಗೆ ಬಂತು, ಸಿನಿಮಾ ಆಯಿತು, ಮೊಬೈಲಿಗೂ ಇಳಿಯಿತು. ಹೊಸದೊಂದು ಭಾಗ ಬಂತೆಂದು ಪೇಪರಿನಲ್ಲಿ ಕಂಡರೆ ಆ ಹಾಳೆ ಮಡಿಸಿಡುತ್ತಿದ್ದೆ. ಮಂಜು ಬೆಳೆದ. ಸೈನ್ಯಕ್ಕೆ ಸೇರಬೇಕೆಂದು ಓಡಿದ, ಹಾರಿದ, ಎಲ್ಲದರಲ್ಲೂ ಗೆದ್ದು ಕಿವಿಯ ಪರೀಕ್ಷೆಯಲ್ಲಿ ಹೊರಬಿದ್ದ. ಈಗ ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಯಜಮಾನರು ತೀರಿಕೊಂಡ ಮೇಲೆ ನಾನು ಅವನ ಜೊತೆಗೇ ಇದ್ದೇನೆ.

ಹೋದ ಬೇಸಿಗೆಯಲ್ಲಿ ಮೊಮ್ಮಗಳು ಅದೇ ಆಟವನ್ನು ಮೊಬೈಲಿಗೆ ಹಾಕಿಕೊಡೆಂದು ಹಟ ಹಿಡಿದಳು. ಮಂಜು ಅವಳನ್ನು ಪಕ್ಕ ಕೂರಿಸಿಕೊಂಡು ಹೇಳಿದ: "ಬ್ಯಾಡ ಕಣಮ್ಮ. ನನ್ ಕಿವಿ ಓಗಿದ್ದೇ ಅದರಿಂದ. ನಾಗೇಶ ಅಂತ ಒಬ್ಬ ಇದ್ದ. ಇಂಗೆ ಕೈ ಬೀಸಿ ಒಡ್ದ. ಈಗ್ಲೂ ಕಣ್ಣಿಗೆ ಕಟ್ಟಿದಂಗದೆ."

ಕಣ್ಣಿಗೆ ಕಟ್ಟಿದಂತೆ! ನನ್ನ ಕೈಯನ್ನು ಅಳಿಸಿ ಅಲ್ಲಿ ನಾಗೇಶನ ಕೈ ಇಟ್ಟುಕೊಂಡಿದ್ದ ನನ್ನ ಮಗ. ಎಳೆ ಮಗು, ಮನೆಯಲ್ಲಿ ಕೇಳಿದ್ದನ್ನೇ ಕಂಡದ್ದು ಎಂದುಕೊಂಡಿತ್ತು. ಕಿವಿ ಕಿತ್ತುಕೊಂಡದ್ದು ಸಾಲದೆಂದು ಅವನ ನೆನಪನ್ನೂ ನಾನು —

ಅಲ್ಲೇ ಹೇಳಿದೆ. ಮೊಮ್ಮಗಳ ಎದುರಿಗೇ. ಮಂಜು ತನ್ನ ಎಡಗಿವಿಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ, "ನಂಗೇಳಿದ್ದು ಇರ್ಲಿ. ಅವ್ನಿಗೆ ಏಳಿದ್ದೀಯಾ?" ಎಂದ.

ಮುಂದಿನ ಭಾನುವಾರ ಮಂಜುವೇ ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋದ. ನಾಗೇಶ ಸ್ವಂತ ಗ್ಯಾರೇಜು ಮಾಡಿಕೊಂಡಿದ್ದಾನೆ, ಹಿಂದೆಯೇ ಮನೆ. ತಲೆ ನರೆಯುತ್ತಿದೆ. ನಮ್ಮನ್ನು ಗುರುತು ಹಿಡಿದು ಕುರ್ಚಿ ಹಾಕಿದ. ಕೂರದೆ, ನಿಂತೇ ಎಲ್ಲ ಹೇಳಿದೆ. ಅವನು ಗ್ರೀಸಾದ ಕೈಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ.

"ನಂಗ್ಗೊತ್ತಿತ್ತಲ್ಲಕ್ಕ, ನಂಗ್ಯಾಕೇಳ್ತೀರಿ?" ಎಂದ ಕೊನೆಗೆ. "ನಮ್ಮಪ್ಪಂಗೆ ಏಳ್ಬೇಕಿತ್ತು. ಸಾಯೋಗಂಟ ನಾನೇ ಒಡ್ದೆ ಅಂತ್ಲೇ ನಂಬ್ಕಂಡಿದ್ರು. ಎಳೆ ಕೂಸಿನ ಕಿವಿ ಕಿತ್ತೋನು ನೀನು ಅಂತ, ನನ್ ಮಗೀನ ಕೂಡ ನನ್ ಕೈಗೆ ಕೊಡಕ್ಕೆ ಎದ್ರೋರು."

ನಾನು ಕೈ ಮುಗಿದೆ. ಅವನು ಆ ಕೈಗಳತ್ತ ನೋಡಲಿಲ್ಲ.

"ಅವ್ವ ಒಳಗವ್ಳೆ" ಎಂದ. "ಅವ್ಳೂ ಅಂಗೇ ತಿಳ್ಕಂಡವ್ಳೆ. ಅವ್ಳಿಗಾದ್ರೂ ಏಳಿ."

ಕೂಗಿದ. ಕೆಂಪಣ್ಣನವರ ಹೆಂಡತಿ ಬಾಗಿಲಿಗೆ ಬಂದರು. ನನ್ನನ್ನು ಕಂಡೊಡನೆ ಮುಖ ಅರಳಿತು. "ಅಯ್ಯೋ ಗೊರೂರಿನವ್ವ, ಮಗ ಚೆಂದಾಗವ್ನಾ? ನಮ್ಮುಡ್ಗ ಮಾಡಿದ್ದ ಮನ್ಸಲ್ಲಿ ಇಟ್ಕಬ್ಯಾಡಿ ಕಣವ್ವ" ಎನ್ನುತ್ತ ನನ್ನ ಎರಡೂ ಕೈ ಹಿಡಿದುಕೊಂಡರು.

ಆ ಹಿಡಿತ ಬಿಡಿಸಿಕೊಂಡೆ. ಮತ್ತೆ ಮೊದಲಿನಿಂದ ಹೇಳತೊಡಗಿದೆ.