ಚಿಲಕಮ್ಮನ ಬಾಗಿಲಲ್ಲಿ ನಿಂತವರು

ದೊಡ್ಡಾಸ್ಪತ್ರೆಯ ಕಣ್ಣಿನ ವಿಭಾಗದ ಬಾಗಿಲು ಕಾಯುವವಳು ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ಜನ ಇಟ್ಟ ಹೆಸರು ಚಿಲಕಮ್ಮ. ಸಾಲಿನಲ್ಲಿ ಬಂದವರ ಕಣ್ಣಿಗೆ ಹನಿ ಹಾಕಿ, ಬೆಂಚಿನ ಮೇಲೆ ಕಣ್ಣು ಮುಚ್ಚಿಸಿ ಕೂರಿಸಿ, ಪಾಪೆ ಅರಳಿದ ಮೇಲೆ ಒಬ್ಬೊಬ್ಬರನ್ನೇ ಡಾಕ್ಟರ ಹತ್ತಿರ ಬಿಡುವುದು ಅವಳ ಕೆಲಸ. ಗುತ್ತಿಗೆ ಕೆಲಸ, ಬೇಡ ಅಂದರೆ ಅವತ್ತಿಗೇ ಮುಗಿಯಿತು. ನನ್ನ ಮೈದುನ ಬೆನ್ನು ಮುರಿದುಕೊಂಡು ಮಲಗಿದಾಗಿನಿಂದ ಆ ಮನೆಯ ಒಲೆ ಉರಿಯುವುದು ಅದೊಂದರಿಂದಲೇ.

ನಮ್ಮ ಯಜಮಾನರು ಹೋದ ಮೇಲೆ ನನಗೆ ಕಣ್ಣಿನ ಪೊರೆ ಬಂತು. ಓರಗಿತ್ತಿಯೇ ಬಾಗಿಲಲ್ಲಿದ್ದಾಳಲ್ಲ ಎಂದು ನೆಟ್ಟಗೆ ಮುಂದೆ ಹೋದೆ.

"ಅಕ್ಕಾ, ಎಲ್ಲಿಗೆ? ಬಾಲ ಅಲ್ಲಿದೆ ನೋಡಿ" ಎಂದು ಸಾಲಿನ ತುದಿ ತೋರಿಸಿದಳು.

ಸ್ವಲ್ಪ ದಿನ ಅವಳ ಜೊತೆ ಮಾತು ಬಿಟ್ಟೆ. ಆಮೇಲೆ ನಾನೇ ಬೇರೆಯವರಿಗೆ ಬಾಲ ತೋರಿಸತೊಡಗಿದೆ.

ಶಾಸಕರು ಬಂದ ದಿನ ನಾನು ಹನಿ ಹಾಕಿಸಿಕೊಂಡು ಬೆಂಚಿನಲ್ಲಿ ಕೂತಿದ್ದೆ. ಕಣ್ಣು ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ. ಶಾಸಕರ ಒಂದು ಕಣ್ಣು ಕೆಂಡದ ಹಾಗೆ ಆಗಿತ್ತಂತೆ. ಅಂಥ ಕಾಯಿಲೆ ನೋಡುವ ಡಾಕ್ಟರು ಊರಿಗೆಲ್ಲ ನಮ್ಮ ಆಸ್ಪತ್ರೆಯವರೊಬ್ಬರೇ. ಶಾಸಕರ ಸಹಾಯಕ ಮುಂದೆ ನುಗ್ಗಿ ಬಂದ.

"ಬಾಗಿಲು ತೆಗಿಯಮ್ಮಾ. ಸಾಹೇಬ್ರು ಬಂದಿದಾರೆ."

"ಬರ್ಲಿ. ಇಲ್ಲಿರೋರೆಲ್ಲ ಬಂದೋರೇ. ಸರದಿ ತಪ್ಪಿಸಿ ಯಾರನ್ನೂ ಒಳಗೆ ಬಿಡಬಾರದು ಅಂತ ಗೋಡೆ ಮೇಲೆ ಬರೆದಿದಾರಲ್ಲ."

"ಅಯ್ಯೋ, ಆ ಕಾನೂನು ಮಾಡಿದ್ದೇ ಸಾಹೇಬ್ರು ಕಣಮ್ಮ!"

"ಹೌದಾ? ಸದ್ಯ, ನಾನು ಬಿಡಿಸಿ ಹೇಳೋ ಕೆಲಸ ತಪ್ಪಿತು. ಅಡುಗೆ ಮಾಡಿದೋಳು ನಾನೇ ಅಂತ ನಾನೇನು ಬೇರೆ ಕಡೆ ಊಟಕ್ಕೆ ಹೋಗ್ತೀನಾ?"

ಯಾರೋ ಕಿಸಕ್ಕೆಂದರು. ಆಗ ಶಾಸಕರೇ ಬಾಯಿಬಿಟ್ಟರು. "ನಾನ್ಯಾರು ಗೊತ್ತೇನಮ್ಮ ನಿನಗೆ?"

"ಗೊತ್ತಿಲ್ದೆ ಏನು ಸ್ವಾಮಿ! ಹೋದ ಸಲ ಚುನಾವಣೆಗೆ ನಿಂತಿದ್ರಿ. ಅದಕ್ಕೂ ಹಿಂದಿನ ಸಲ ನಿಂತಿದ್ರಿ. ನಿಂತು ಅಭ್ಯಾಸ ಇದೆ ನಿಮಗೆ. ಇಲ್ಲೂ ಒಂದು ಗಳಿಗೆ ನಿಲ್ಲಿ."

ಸಾಲಿಗೆ ಸಾಲೇ ನಕ್ಕಿತು. ಹಾಕಿದ ಹನಿಯೆಲ್ಲ ನನ್ನ ಕೆನ್ನೆಯ ಮೇಲೆ ಇಳಿಯಿತು. ಬೂಟಿನ ಸದ್ದು ದಡದಡ ದೂರವಾಯಿತು.

ಮರುದಿನ ಬಾಗಿಲಲ್ಲಿ ಅವಳು ಕೂರುತ್ತಿದ್ದ ಸ್ಟೂಲು ಮಾಯ. ಆಸ್ಪತ್ರೆಯ ಮುಖ್ಯಸ್ಥರು ಕರೆಸಿ, ವಾರದೊಳಗೆ ಶಾಸಕರಿಗೆ ತಪ್ಪಾಯಿತು ಎಂದು ಹೇಳಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದರು.

"ಹೇಳೋಕೆ ಅಡ್ಡಿ ಇಲ್ಲ ಸಾರ್" ಎಂದಳಂತೆ. "ಸಾಲಲ್ಲಿ ಬರ್ಲಿ. ಅವರ ಸರದಿ ಬಂದಾಗ ಹೇಳ್ತೀನಿ."

ಸಂಜೆ ಅವರ ಮನೆಗೆ ಹೋದೆ. ಮೈದುನ ಮಲಗಿದಲ್ಲಿಂದಲೇ ಗೋಗರೆದ. "ಅತ್ತಿಗೆ, ನೀವಾದ್ರೂ ಹೇಳಿ. ಅವರ ಮನೆಗೆ ಹೋಗಿ ಒಂದು ಮಾತು ಅಂದ್ರೆ ಇವಳ ನಾಲಿಗೆ ಸವೆಯುತ್ತಾ?"

"ನಾಲಿಗೆ ಸವೆಯಲ್ಲ ರೀ, ಹೊಸ್ತಿಲು ಸವೆಯುತ್ತೆ. ಇವತ್ತು ಅವರು, ನಾಳೆ ಅವರ ಭಾವಮೈದುನ, ನಾಡಿದ್ದು ಭಾವಮೈದುನನ ಡ್ರೈವರ್ರು. ಅಕ್ಕನ್ನ ಬಾಲಕ್ಕೆ ಕಳಿಸಿದೋಳು ನಾನು. ಈಗ ಇವರನ್ನ ತಲೆ ಮೇಲೆ ಕೂರಿಸ್ಕೊಳ್ಳಲಾ?"

ಬುದ್ಧಿ ಹೇಳಲೆಂದೇ ಹೋಗಿದ್ದ ನಾನು, "ಕೆಲಸ ಹೋದ್ರೆ ಊಟಕ್ಕೆ ನಮ್ಮನೆಗೆ ಬನ್ನಿ. ಯಾರ ಕಾಲಿಗೂ ಬೀಳಬೇಡ" ಎಂದುಬಿಟ್ಟೆ. ಮೈದುನ ಗೋಡೆಯ ಕಡೆ ಮುಖ ತಿರುಗಿಸಿದ.

ಸ್ಟೂಲಿಲ್ಲದೆ ನಿಂತುಕೊಂಡೇ ಅವಳು ಕೆಲಸ ಮಾಡಿದಳು. ಎರಡು ದಿನ ಕಳೆದ ಮೇಲೆ ಸಹಾಯಕನೊಬ್ಬನೇ ಬಂದು ಸಾಲಿನಲ್ಲಿ ನಿಂತ.

"ಸಾಹೇಬ್ರ ಪರವಾಗಿ ನಿಂತಿದೀನಿ" ಎಂದ.

"ತುಂಬಾ ಸಂತೋಷ. ತಲೆ ಎತ್ತು" ಎಂದವಳೇ ಎರಡು ಕಣ್ಣಿಗೂ ಹನಿ ಹಾಕಿದಳು. "ನಿಂತವರ ಕಣ್ಣು ನೋಡ್ತಾರಪ್ಪ ಇಲ್ಲಿ. ಅವರ ಕಣ್ಣು ನೋಡಬೇಕಾದ್ರೆ ಅದನ್ನೂ ಕಳಿಸಿಕೊಡೋಕೆ ಹೇಳು." ಪಾಪ, ಅವನು ಗೋಡೆ ತಡವುತ್ತಾ ಹೊರಗೆ ಹೋದ.

ವಾರ ಮುಗಿಯುವ ದಿನ ಶಾಸಕರೇ ಬಂದರು. ಕಪ್ಪು ಕನ್ನಡಕದ ಕೆಳಗೆ ನೀರು ಸುರಿಯುತ್ತಿತ್ತು. ಬಾಲದಲ್ಲಿ ಒಬ್ಬ ಬಡಗಿಯ ಹಿಂದೆ ನಿಂತರು. ಮತ್ತೆ ಕಣ್ಣು ತೋರಿಸಲು ಬಂದ ನಾನು ಅವರ ಹಿಂದೆ ನಿಂತೆ. ಯಾರೂ ಕೈ ಮುಗಿಯಲಿಲ್ಲ, ಯಾರೂ ಜಾಗ ಬಿಡಲಿಲ್ಲ. ಸಾಲು ಸರಿದಾಗ ಅವರು ಗೋಡೆಯ ಬರಹ ನೋಡುತ್ತಾ ನಿಂತೇ ಇದ್ದರು.

"ಸರೀರಿ ಮುಂದಕ್ಕೆ" ಎಂದೆ ನಾನು.

ಅವರ ಸರದಿ ಬಂತು. ಮುಖ್ಯಸ್ಥರು ಓಡಿಬಂದು ಅವಳ ಮುಖವನ್ನೇ ನೋಡಿದರು. ಅವಳು ಹನಿ ಹಾಕಿ, ಹತ್ತಿಯಿಂದ ಒರೆಸಿ, ಕೊಟ್ಟ ಮಾತಿನಂತೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ತಪ್ಪಾಯ್ತು ಸ್ವಾಮಿ. ನೀವು ಇಷ್ಟು ಚೆನ್ನಾಗಿ ನಿಲ್ತೀರಿ ಅಂತ ನನಗೆ ಮೊದಲೇ ಗೊತ್ತಿರಲಿಲ್ಲ."

ಹೇಳು ಅಂದದ್ದನ್ನು ಹೇಳಿಯಾಗಿತ್ತು. ಕೆಲಸದಿಂದ ತೆಗೆಯಲು ಮುಖ್ಯಸ್ಥರಿಗೆ ನೆಪ ಸಿಗಲಿಲ್ಲ. ಸ್ಟೂಲು ಮಾತ್ರ ಇನ್ನೂ ಬಂದಿಲ್ಲ. ಕೊಡಿ ಎಂದು ಅವಳೂ ಕೇಳಿಲ್ಲ.